ದೋಣಿ ಮನೆಗೆ ಒಂದು ವರ್ಷ: ದಡದ ನಮ್ಮವರಿಗೆ

ಮೊನ್ನೆ ಭಾನುವಾರಕ್ಕೆ ನಾವಿಬ್ಬರೂ ಹಾಯಿದೋಣಿಯಲ್ಲಿ ಮನೆ ಹೂಡಿ ಒಂದು ವರ್ಷ ತುಂಬಿತು. ಗೋವಾದ ಮಾಂಡೋವಿ ನದಿಯಲ್ಲಿ, ರಾಯಬಂದರ್ ಎದುರಿಗೆ, ಚೋಡಣ ದ್ವೀಪದ ಕಾಂಡ್ಲಾ ಕಾಡಿನ ಹತ್ತಿರ ಲಂಗರು ಹಾಕಿಕೊಂಡಿದ್ದೇವೆ. 28 ಅಡಿಯ ದೋಣಿ. ಇಡೀ ಮಳೆಗಾಲವನ್ನೂ ಅದರಲ್ಲೇ ಕಳೆದೆವು. ಧಾರವಾಡದಿಂದ ಅವ್ವ ಫೋನ್ ಮಾಡಿದಾಗಲೆಲ್ಲ "ನೀರಿಗೆ, ಗ್ಯಾಸಿಗೆ ಏನ್ ಮಾಡ್ತೀರವಾ?" ಅಂತ ಕೇಳುತ್ತಾಳೆ. ದಡದಲ್ಲಿ ನಮ್ಮವರು ಇದ್ದಾರೆ ಅಂತೀನಿ. ಅವರಿಗೇ ಈ ಬರಹ.

ಮೊದಲು ಚಹಾದಂಗಡಿ ಕಾಕಾ. ಉಬ್ಬರದ ಹೊತ್ತಿಗೆ ಇಲ್ಲಿ ನದಿ ನೀರು ಉಪ್ಪಾಗುತ್ತದೆ. ಕುಡಿಯುವುದಕ್ಕೆ, ಅಡುಗೆಗೆ ಎಲ್ಲ ದಡದಿಂದಲೇ ಬರಬೇಕು. ಎರಡು ದಿನಕ್ಕೊಮ್ಮೆ 20 ಲೀಟರಿನ ಎರಡು ಕ್ಯಾನ್ ಅವರ ನಲ್ಲಿಯಲ್ಲಿ ತುಂಬಿಸಿ, ಸಣ್ಣ ದೋಣಿಯಲ್ಲಿ ಇಟ್ಟುಕೊಂಡು ಹುಟ್ಟು ಹಾಕುತ್ತಾ ಬರುತ್ತೇವೆ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನೀರಿನ ಮೇಲಿನ ಮನೆಗೆ ಬಾಗಿಲ ಸಂಖ್ಯೆ ಎಲ್ಲಿರುತ್ತದೆ? ನಮ್ಮ ಪಾರ್ಸೆಲ್, ಕಾಗದ ಪತ್ರ ಎಲ್ಲ ಅವರ ಅಂಗಡಿ ವಿಳಾಸಕ್ಕೇ ಬರುತ್ತವೆ. ಬಿಸ್ಕತ್ತಿನ ಡಬ್ಬಿಗಳ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರುತ್ತಾರೆ.

ಪಣಜಿ ಮಾರ್ಕೆಟ್ಟಿನ ತರಕಾರಿ ಅಕ್ಕ ಬೆಳಗಾವಿ ಕಡೆಯವರು. ಜೂನಿನಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಸೋಲಾರ್ ಬ್ಯಾಟರಿ ತುಂಬಲಿಲ್ಲ, ಫ್ರಿಜ್ ಬಂದ್. ತಂದ ಕೊತ್ತಂಬರಿ ಎರಡೇ ದಿನಕ್ಕೆ ಕಪ್ಪಾಗುತ್ತಿತ್ತು. ಅಕ್ಕನಿಗೆ ಹೇಳಿದೆ. ಅವತ್ತಿಂದ ಟೊಮೆಟೊ ಅವರೇ ಆರಿಸಿ ಕೊಡುತ್ತಾರೆ: ನಾಲ್ಕು ಕೆಂಪು, ನಾಲ್ಕು ಅರ್ಧ ಬಣ್ಣ ತಿರುಗಿದ್ದು, ನಾಲ್ಕು ಪೂರ್ತಿ ಹಸಿರು. ಒಂದೊಂದಾಗಿ ಹಣ್ಣಾಗುತ್ತಾ ವಾರ ಬರುತ್ತವೆ. ಮೆಣಸಿನಕಾಯಿ ತೊಟ್ಟು ತಾವೇ ಕಿತ್ತು, ಹಳೆ ಪೇಪರಿನಲ್ಲಿ ಸುತ್ತುತ್ತಾರೆ. "ತಂಗೀ, ಉಳ್ಳಾಗಡ್ಡಿ, ಆಲೂಗಡ್ಡಿ ಒಂದ ಬುಟ್ಟಿಯಾಗ ಇಡಬ್ಯಾಡ" ಅಂದರು. ಆ ಮಾತು ಕೇಳಿದ ಮೇಲೆ ಆಲೂಗಡ್ಡೆ ಮೊಳಕೆ ಬರೋದು ಕಮ್ಮಿಯಾಯಿತು. ಹಿಂದೆ ಗಿರಾಕಿಗಳ ಸಾಲು ನಿಂತಿದ್ದರೂ ಇಷ್ಟೆಲ್ಲ ಮಾಡುತ್ತಾರೆ, ನೋಡಿ.

ಇಸ್ತ್ರಿ ಅಂಗಡಿ ಅಣ್ಣನಿಗೂ ಥ್ಯಾಂಕ್ಸ್. ಮಳೆಗಾಲದಲ್ಲಿ ನಮ್ಮ ಒದ್ದೆ ಬಟ್ಟೆಗೆ ಒಣ ಮೂಲೆ ಕೊಟ್ಟರು.

ಇನ್ನು ಜುಲೈ ರಾತ್ರಿ. ನಮ್ಮ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿಯೇ ಇಲ್ಲಿ ಮಾಂಡೋವಿ. ಅವತ್ತು ಘಟ್ಟದಲ್ಲಿ ಜೋರು ಮಳೆ. ಮಳೆನೀರು, ಇಳಿತ ಎರಡೂ ಸಮುದ್ರದ ಕಡೆಗೇ ಎಳೆಯುತ್ತಿದ್ದವು. ಸುಮಾರು ಒಂದೂವರೆಗೆ ಬುಡ ಸಮೇತ ಕಿತ್ತು ಬಂದ ಮರವೊಂದು ಲಂಗರಿನ ಸರಪಳಿಗೆ ಸಿಕ್ಕಿಕೊಂಡಿತು. ಅದರ ಭಾರಕ್ಕೆ ಲಂಗರು ಜಾರತೊಡಗಿತು. ಸರಪಳಿ ಮೇಲೆ ಕೈ ಇಟ್ಟರೆ ಕರ ಕರ ಅಂತ ನಡುಗುತ್ತಿತ್ತು. ಎಂಜಿನ್ ಹಚ್ಚಿ ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿದೆವು. ಟಾರ್ಚ್ ಬೀಸಿದೆ. ಹತ್ತು ನಿಮಿಷದಲ್ಲಿ ಚೋಡಣದ ಇಬ್ಬರು ಮೀನುಗಾರ ಅಣ್ಣಂದಿರು ತಮ್ಮ ದೋಣಿಯಲ್ಲಿ ಬಂದರು. ಮೀನುಗಾರಿಕೆ ಬಂದ್ ಇದ್ದ ತಿಂಗಳು, ಮನೆಯಲ್ಲಿ ಬೆಚ್ಚಗೆ ಮಲಗಿದ್ದವರು. ಒಬ್ಬರು ದೋಣಿ ಹಿಡಿದು ನಿಲ್ಲಿಸಿದರು. ಇನ್ನೊಬ್ಬರು ಬಾಗಿ ಕತ್ತಿಯಲ್ಲಿ ಕೊಂಬೆ ಕಡಿಯುತ್ತಾ ಹೋದರು. ಕೊನೆಗೆ ಮರ ಹೊರಳಿ, ನಮ್ಮ ಪಕ್ಕಕ್ಕೇ ಉಜ್ಜಿಕೊಂಡು ಕತ್ತಲಲ್ಲಿ ಹೋಯಿತು. ಅವರು ಆಮೇಲೂ ಹೋಗಲಿಲ್ಲ. "ಭರತಿ ಶುರುವಾಗಲಿ" ಅಂತ ಕೂತರು. ಉಬ್ಬರ ಏರಿ ಎಳೆತ ಕಮ್ಮಿಯಾಗುವವರೆಗೂ ಇದ್ದು, ಲಂಗರನ್ನು ಹೊಸದಾಗಿ ಹಾಕಿಸಿ, ಕರಿ ಚಹಾ ಕುಡಿದು ಹೊರಟರು. ದುಡ್ಡು ಕೊಡಹೋದರೆ ಕೈ ಮುಗಿದರು.

ಅಣ್ಣಾ, ಅವತ್ತು ನನಗೆ ಮಾತೇ ಹೊರಡಲಿಲ್ಲ. ಇವತ್ತು ಬರೆದು ಹೇಳುತ್ತಿದ್ದೇನೆ. ನಿಮ್ಮಿಂದ ನಮ್ಮ ಮನೆ ಉಳಿಯಿತು.

ಮುಂದಿನ ಭಾನುವಾರ ದೋಣಿಯಲ್ಲಿ ಹೋಳಿಗೆ ಮಾಡುತ್ತಿದ್ದೇವೆ. ಕಾಕಾ, ಅಕ್ಕಾ, ಅಣ್ಣಂದಿರೇ, ಮಕ್ಕಳನ್ನೂ ಕರ್ಕೊಂಡು ಬನ್ನಿ. ಹತ್ತು ಗಂಟೆಗೆ ಸಣ್ಣ ದೋಣಿ ತಗೊಂಡು ಫೆರ್ರಿ ಧಕ್ಕೆ ಹತ್ತಿರ ನಾವೇ ನಿಂತಿರುತ್ತೇವೆ.