ಲೇತ್ ಹತ್ತಿರ ಬಟ್ಟೆ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮರದ ತುಂಡನ್ನು ಸುತ್ತಿಸುವ ಲೇತ್ ಯಂತ್ರದ ಮೇಲೆ ಉಳಿ ಹಿಡಿದು ಮರ ಕಡೆಯುವ ಹವ್ಯಾಸದ ಬಗ್ಗೆ ಇಡೀ ಒಂದು ಪುಟದ ಲೇಖನ ಬಂದಿತ್ತು. ಹನ್ನೊಂದು ವರ್ಷದಿಂದ ಈ ಕೆಲಸದ ಗುಂಗಿನಲ್ಲೇ ಇರುವ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಬರೆದವರಿಗೆ ಮರದ ಮೇಲೆ ಪ್ರೀತಿ ಇದೆ, ಅದು ಓದುತ್ತಿದ್ದಂತೆಯೇ ಗೊತ್ತಾಗುತ್ತದೆ. ಆದರೆ ಆ ಪುಟದ ಚಿತ್ರಗಳನ್ನು ನೋಡಿದ ನನ್ನ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. "ಅಜ್ಜಿ, ಇವರು ಗ್ಲೌಸ್ ಹಾಕ್ಕೊಂಡಿದ್ದಾರಲ್ಲ, ನೀನು ಮಾತ್ರ ಯಾಕೆ ಬರಿಗೈಲಿ ಮಾಡ್ತೀಯ?" ಅವಳಿಗೆ ಹನ್ನೆರಡು ವರ್ಷ, ಲೇತ್ ಮುಂದೆ ನಿಲ್ಲಲು ಈ ವರ್ಷವಷ್ಟೇ ಶುರು ಮಾಡಿದ್ದಾಳೆ. ಪೇಪರಿನಲ್ಲಿ ಅಚ್ಚಾದದ್ದು ಅವಳಿಗೆ ಅಜ್ಜಿಯ ಮಾತಿಗಿಂತ ತೂಕದ್ದು. ಹಾಗಾಗಿ ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ.

ಆ ನಾಲ್ಕು ಚಿತ್ರಗಳಲ್ಲೂ ಬಟ್ಟೆ ಇದೆ. ಒಂದರಲ್ಲಿ ಕೈಗೆ ಗ್ಲೌಸ್, ಇನ್ನೊಂದರಲ್ಲಿ ಮೂಗಿಗೆ ಕಟ್ಟಿದ ಕರವಸ್ತ್ರ. ಮೂರನೆಯದರಲ್ಲಿ ಸುತ್ತುತ್ತಿರುವ ಬೋಗುಣಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದಾರೆ. ನಾಲ್ಕನೆಯದರಲ್ಲಿ ಮುಗಿದ ಬೋಗುಣಿ ಹೊಳೆಯುತ್ತಿದೆ, ಅದರ ಹಿಂದೆ ಮರದ ಸಿಪ್ಪೆಯ ರಾಶಿಯ ಮೇಲೆ ಅದೇ ಎಣ್ಣೆಬಟ್ಟೆ ಮುದ್ದೆಯಾಗಿ ಬಿದ್ದಿದೆ. ಲೇತ್ ಹತ್ತಿರ ಬಟ್ಟೆಯಿಂದ ಆಗಬಹುದಾದ ಅನಾಹುತಗಳೆಲ್ಲ ಒಂದೇ ಪುಟದಲ್ಲಿ ಕೂತಿವೆ.

ಮೊದಲು ಗ್ಲೌಸ್ ವಿಷಯ. ಕೈಗೆ ರಕ್ಷಣೆ ಇರಲಿ ಎಂದು ಹಾಕಿಕೊಳ್ಳುತ್ತಾರೆ, ಸಿಪ್ಪೆ ಬಿಸಿಯಾಗಿ ಬೆರಳಿಗೆ ಬಡಿಯುವುದೂ ನಿಜ. ನಾನು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು, ಮೊಮ್ಮಗಳ ಜೊತೆ ಕೂತು ಲೆಕ್ಕವನ್ನೇ ಹಾಕಿದೆ. 4 ಸೆಂಟಿಮೀಟರ್ ದಪ್ಪದ ಕೋಲು ನಿಮಿಷಕ್ಕೆ 2000 ಸುತ್ತು ಸುತ್ತುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 33 ಸುತ್ತಾಯಿತು. ಏನೋ ಎಳೆಯುತ್ತಿದೆ ಅಂತ ಗೊತ್ತಾಗಿ ಕೈ ಹಿಂದಕ್ಕೆ ತೆಗೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕೋಲು ಎಂಟು ಸುತ್ತು ತಿರುಗಿರುತ್ತದೆ. ಕೋಲಿನ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್. ಅಂದರೆ ಒಂದು ಮೀಟರ್ ಬಟ್ಟೆಯನ್ನು ಅದು ತನ್ನ ಮೈಗೆ ಸುತ್ತಿಕೊಳ್ಳಬಲ್ಲದು. ನನ್ನ ಇಡೀ ತೋಳೇ ಅಷ್ಟು ಉದ್ದ ಇಲ್ಲ. ಬರಿ ಬೆರಳು ತಾಗಿದರೆ ಚರ್ಮ ತರಚಬಹುದು, ಬೆರಳು ಮುರಿಯಲೂಬಹುದು. ಗ್ಲೌಸ್ ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಸಡಿಲ ತೋಳಿನ ಅಂಗಿ, ಇಳಿಬಿಟ್ಟ ಕೂದಲು, ಕೊರಳ ಸರ, ಉಂಗುರ ಎಲ್ಲಕ್ಕೂ ಇದೇ ಲೆಕ್ಕ. ಬಿಸಿ ಸಿಪ್ಪೆಗೆ ಗ್ಲೌಸ್ ಬೇಕಾಗಿಯೂ ಇಲ್ಲ. ಉಳಿಯ ಮೇಲಿನ ಹಿಡಿತವನ್ನು ಸ್ವಲ್ಪ ಬದಲಿಸಿ ಕೈಯನ್ನು, ಉಳಿಗೆ ಆಸರೆ ಕೊಡುವ ಟೂಲ್ ರೆಸ್ಟ್‌ನ ಹಿಂದಕ್ಕೆ ತಂದರೆ ಸಿಪ್ಪೆ ಕೈಯ ಪಕ್ಕದಿಂದ ಹಾರಿಹೋಗುತ್ತದೆ.

ಮುಖಕ್ಕೆ ಬೇಕಾದದ್ದು ಪಾರದರ್ಶಕ ಫೇಸ್ ಶೀಲ್ಡ್, ಅದು ಯಾವ ಚಿತ್ರದಲ್ಲೂ ಇಲ್ಲ. ಮೂಗಿಗೆ ಕಟ್ಟುವ ಕರವಸ್ತ್ರ ಕಣ್ಣಿಗೆ ಕಾಣುವ ಹೊಟ್ಟನ್ನು ತಡೆಯಬಹುದು, ಆದರೆ ಸ್ಯಾಂಡ್‌ಪೇಪರ್ ಹಿಡಿದಾಗ ಏಳುವ ಹಿಟ್ಟಿನಂಥ ಧೂಳು ಅದರ ನೇಯ್ಗೆಯ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸೂಕ್ಷ್ಮ ಧೂಳಿಗೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ನಾನು ಲೇತ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಧೂಳು ಗಾಳಿಯಲ್ಲಿ ಇನ್ನೂ ತೇಲುತ್ತಿರುತ್ತದೆ.

ಇನ್ನು ಆ ಮೂರನೆಯ ಚಿತ್ರ. ಅದರ ಕೆಳಗೆ, ಮೈ ಒರಟಾಗಿದ್ದರೂ ಚಿಂತೆಯಿಲ್ಲ, ಎಣ್ಣೆಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದರೆ ನುಣುಪು ಬರುತ್ತದೆ ಎಂಬ ಅರ್ಥದ ಸಾಲಿದೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಸಾಮಾನ್ಯವಾಗಿ ಬೋಗುಣಿ ಕಡೆಯುವಾಗ ಮರದ ನಾರು ಅಡ್ಡಲಾಗಿ ಮಲಗಿರುತ್ತದೆ. ಹಾಗಾಗಿ ಒಂದೊಂದು ಸುತ್ತಿನಲ್ಲೂ ಉಳಿಗೆ ಎರಡು ಕಡೆ ನಾರಿನ ತುದಿಗಳು ಎದುರಾಗುತ್ತವೆ. ಉಳಿ ಮೊಂಡಾಗಿದ್ದರೆ ಆ ಎರಡು ಜಾಗದಲ್ಲಿ ನಾರು ಕತ್ತರಿಸುವ ಬದಲು ಕಿತ್ತು ಬರುತ್ತದೆ. ಬೆರಳಾಡಿಸಿದರೆ ಬೆಕ್ಕಿನ ನಾಲಿಗೆ ತಾಗಿದ ಹಾಗಿರುತ್ತದೆ. ಅದರ ಮೇಲೆ ಎಣ್ಣೆ ಹಾಕಿದರೆ ಕಿತ್ತುಹೋದ ನಾರು ಉಳಿದ ಕಡೆಗಿಂತ ಹೆಚ್ಚು ಎಣ್ಣೆ ಕುಡಿದು ಎರಡು ಕಪ್ಪು ಮಚ್ಚೆಗಳಾಗಿ ನಿಲ್ಲುತ್ತದೆ. ಎಣ್ಣೆ ದೋಷ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಸ್ಯಾಂಡ್‌ಪೇಪರ್‌ನಲ್ಲೇ ಅದನ್ನು ತೆಗೆಯಲು ಹೊರಟರೆ ಮೆತ್ತನೆಯ ಭಾಗ ಬೇಗ ಸವೆದು ಬೋಗುಣಿಯ ಮೈ ಏರುಪೇರಾಗುತ್ತದೆ.

ಮದ್ದು ಇರುವುದು ಸಾಣೆಯಲ್ಲಿ. ನನಗೆ ಅದು ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಹೊಸಬರಿಗೆ ಒಂದು ಉಪಾಯ ಹೇಳುತ್ತೇನೆ. ತೋಡಿನಂತೆ ಬಾಗಿದ ಗೌಜ್ ಉಳಿಯ ತುದಿಯ ಇಳಿಜಾರು ಮುಖಕ್ಕೆ ನೀಲಿ ಮಾರ್ಕರ್‌ನಿಂದ ಪೂರ್ತಿ ಬಣ್ಣ ಬಳಿಯಿರಿ. ಸಾಣೆ ಯಂತ್ರದ ಕರೆಂಟ್ ತೆಗೆದು, ಉಳಿಯನ್ನು ಕಲ್ಲಿಗೆ ತಾಗಿಸಿ, ಕಲ್ಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ನೀಲಿ ಬರೀ ಹಿಂಭಾಗದಲ್ಲಿ ಅಳಿಸಿದ್ದರೆ ಹಿಡಿಯನ್ನು ತುಸು ಎತ್ತಬೇಕು, ಬರೀ ಅಲಗಿನ ಹತ್ತಿರ ಅಳಿಸಿದ್ದರೆ ಇಳಿಸಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಅಳಿಸಿದಾಗ ಕೋನ ಸರಿಯಾಗಿದೆ ಎಂದರ್ಥ. ಆಮೇಲೆ ಯಂತ್ರ ಹಾಕಿ ಹಗುರವಾಗಿ ಹಿಡಿದರೆ ಸಾಕು. ಸಾಣೆ ಮುಗಿದ ಮೇಲೆ ಅಲಗನ್ನು ದೀಪದ ಕೆಳಗೆ ಹಿಡಿದು ನೋಡಿ. ಮೊಂಡಾದ ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ, ಹರಿತವಾದ ಅಲಗಿನ ಅಂಚು ಕಾಣುವುದೇ ಇಲ್ಲ, ಅದರಿಂದ ಬೆಳಕು ವಾಪಸು ಬರುವುದಿಲ್ಲ. ಮೊಮ್ಮಗಳು ಈಗ ಉಳಿ ಕೈಗೆ ತೆಗೆದುಕೊಂಡ ಕೂಡಲೇ ದೀಪದ ಕೆಳಗೆ ಹೋಗಿ ಆ ಬಿಳಿ ಗೆರೆ ಹುಡುಕುತ್ತಾಳೆ.

ಹೀಗೆ ಹರಿತವಾದ ಉಳಿಯ ಇಳಿಜಾರು ಮುಖವನ್ನು ಮರಕ್ಕೆ ಒರಗಿಸಿ, ಹೊರಮೈಯನ್ನು ಪಾದದಿಂದ ಅಂಚಿನ ಕಡೆಗೂ ಒಳಮೈಯನ್ನು ಅಂಚಿನಿಂದ ತಳದ ಕಡೆಗೂ ನಿಧಾನವಾಗಿ ತೆಳ್ಳಗೆ ಹೆರೆದರೆ ಆ ಎರಡು ಜಾಗಗಳೂ ನುಣ್ಣಗೆ ಬರುತ್ತವೆ. ಆಗ 120ರ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ 180, 240, 320 ಅಂತ, ಸಂಖ್ಯೆ ಏರಿದಷ್ಟೂ ನಯವಾಗುವ ಕಾಗದಗಳಲ್ಲಿ ಒಂದನ್ನೂ ಬಿಡದೆ ಮುಂದುವರಿದರೆ ಕೆಲಸ ಮುಗಿಯಿತು. ಬೋಗುಣಿಗೆ ರಫಿಂಗ್ ಗೌಜ್ ಮಾತ್ರ ತೆಗೆದುಕೊಳ್ಳಬೇಡಿ. ಅದು ಉದ್ದ ನಾರಿನ ಕೋಲುಗಳಿಗೆ ಮಾಡಿದ ಉಳಿ, ಹಿಡಿಯೊಳಗೆ ಹೋಗುವ ಅದರ ಬಾಲ ತೆಳ್ಳಗಿರುತ್ತದೆ, ಬೋಗುಣಿಯಲ್ಲಿ ಸಿಕ್ಕಿಕೊಂಡರೆ ಅಲ್ಲೇ ಮುರಿಯಬಹುದು.

ಪಾಲಿಶ್‌ಗೂ ಬಟ್ಟೆ ಬೇಡ, ಟಿಶ್ಯೂ ಪೇಪರ್ ಸಾಕು. ನಾನು ಸಣ್ಣ ವಸ್ತುಗಳಿಗೆ ಅರಗಿನ ಪಾಲಿಶ್ ಹಾಕುತ್ತೇನೆ. ಸ್ಪಿರಿಟ್‌ನಲ್ಲಿ ಕರಗಿದ ಅರಗನ್ನು ಮಡಿಸಿದ ಟಿಶ್ಯೂಗೆ ನಾಲ್ಕು ಹನಿ ಹಾಕಿಕೊಂಡು, ಸುತ್ತುವ ಮರದ ಅಡಿಭಾಗಕ್ಕೆ ತಾಗಿಸಿ ಹಿಡಿದರೆ ತಿಕ್ಕಾಟದ ಬಿಸಿಗೆ ಸ್ಪಿರಿಟ್ ಆರಿ ಕ್ಷಣದಲ್ಲಿ ಹೊಳಪು ಬರುತ್ತದೆ. ಟಿಶ್ಯೂ ಎಲ್ಲಾದರೂ ಸಿಕ್ಕಿಕೊಂಡರೆ ಹರಿದುಹೋಗುತ್ತದೆ. ಬಟ್ಟೆ ಹರಿಯುವುದಿಲ್ಲ. ದೊಡ್ಡ ಬೋಗುಣಿಗೆ ಎಣ್ಣೆ ಹಚ್ಚುವುದಿದ್ದರೆ ಲೇತ್ ನಿಲ್ಲಿಸಿಯೇ ಹಚ್ಚಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ.

ಒರೆಸಿದ ಬಟ್ಟೆಯ ಬಗ್ಗೆ ಹೇಳಲಿಕ್ಕೇ ಮುಖ್ಯವಾಗಿ ಈ ಪತ್ರ. ನಾನು ಹವ್ಯಾಸ ಶುರು ಮಾಡಿದ ಎರಡನೆಯ ವರ್ಷ ಒಂದು ಸಂಜೆ ಬೋಗುಣಿಗೆ ಬಾಯಿಲ್ಡ್ ಅಗಸೆ ಎಣ್ಣೆ ಹಚ್ಚಿ ಒರೆಸಿ, ಬಟ್ಟೆಯನ್ನು ಮುದ್ದೆ ಮಾಡಿ ಸಿಪ್ಪೆ ತುಂಬಿದ್ದ ಬುಟ್ಟಿಗೆ ಎಸೆದು ಊಟಕ್ಕೆ ಹೋದೆ. ಕನ್ನಡಕ ಮರೆತು ಬಂದಿದ್ದರಿಂದ ಎರಡು ತಾಸಿನ ನಂತರ ಮತ್ತೆ ಆ ಕೋಣೆಗೆ ಹೋದೆ. ಬಾಗಿಲು ತೆಗೆಯುತ್ತಿದ್ದಂತೆ ಸೀದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬುಟ್ಟಿಯಲ್ಲಿದ್ದ ಮುದ್ದೆಯನ್ನು ಎತ್ತಲು ಹೋದರೆ ಕೈಯಲ್ಲಿ ಹಿಡಿಯಲಾಗಲಿಲ್ಲ, ಅಷ್ಟು ಸುಡುತ್ತಿತ್ತು. ಇಕ್ಕಳದಲ್ಲಿ ಎತ್ತಿ ಬಕೆಟ್ ನೀರಿಗೆ ಹಾಕಿ, ಆಮೇಲೆ ಬಿಡಿಸಿ ನೋಡಿದೆ. ಹೊರಗೆ ಬಿಳಿ ಬಟ್ಟೆ, ನಡುವೆ ಅಂಗೈಯಗಲ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಆ ಕೋಣೆಯಲ್ಲಿ ಬೆಂಕಿ ಇರಲಿಲ್ಲ, ಬೀಡಿ ಸಿಗರೇಟು ಇರಲಿಲ್ಲ, ಯಾವ ಸ್ವಿಚ್ಚೂ ಹಾಕಿರಲಿಲ್ಲ.

ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಆ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ. ಬಾಯಿಲ್ಡ್ ಎಂದು ಮಾರುವ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುವುದರಿಂದ ಕ್ರಿಯೆ ಇನ್ನೂ ಚುರುಕು. ಹರಡಿದ ಬಟ್ಟೆಯಿಂದ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಅದು ಸಿಕ್ಕಿಬೀಳುತ್ತದೆ. ಬಿಸಿಯಾದಷ್ಟೂ ಕ್ರಿಯೆ ವೇಗವಾಗುತ್ತದೆ, ವೇಗವಾದಷ್ಟೂ ಬಿಸಿ ಏರುತ್ತದೆ, ಕೊನೆಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದು ಹೀಗೆಯೇ. ಮರದ ಹಲಗೆಗಳಿಗೆ ಪಾಲಿಶ್ ಮಾಡಿದವರು 22ನೇ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಶುರುವಾದ ಬೆಂಕಿ, ಬೆಂಕಿಗೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿಗೆ ಬಂದ ಮೇಲಷ್ಟೇ ನಿಂತಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು.

ನಿಮ್ಮ ಚಿತ್ರದಲ್ಲಿರುವ ಬಟ್ಟೆ ಒಣ ಸಿಪ್ಪೆಯ ಮೇಲೆಯೇ ಬಿದ್ದಿದೆ. ಲೇಖನ ಓದಿ ಉಮೇದಿನಿಂದ ಹೊಸದಾಗಿ ಲೇತ್ ತಂದವರು ಅದನ್ನೇ ಮಾಡುತ್ತಾರೆ. ಎಣ್ಣೆಬಟ್ಟೆಯನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರಡಿ, ಹಪ್ಪಳದಂತೆ ಬಿರುಸಾಗುವವರೆಗೆ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಎಣ್ಣೆ ಹೀರಿದ ಟಿಶ್ಯೂಗೂ ಇದೇ ಎಚ್ಚರಿಕೆ ಬೇಕು.

ಮುಂದಿನ ಭಾನುವಾರದ ಪುರವಣಿಯಲ್ಲಿ ಇಷ್ಟನ್ನು ದಯವಿಟ್ಟು ಪ್ರಕಟಿಸಿ. ಜಾಗ ಕಡಿಮೆ ಇದ್ದರೆ ಸಾಣೆಯ ವಿಷಯ ಬಿಡಿ, ಗ್ಲೌಸ್ ಮತ್ತು ಎಣ್ಣೆಬಟ್ಟೆಯ ಮಾತು ಮಾತ್ರ ಇರಲಿ. ಜೊತೆಗೆ ಬರಿಗೈಯಲ್ಲಿ, ಬಿಗಿ ತೋಳಿನ ಅಂಗಿ ತೊಟ್ಟು, ಫೇಸ್ ಶೀಲ್ಡ್ ಹಾಕಿಕೊಂಡು ಕೆಲಸ ಮಾಡುತ್ತಿರುವವರ ಚಿತ್ರವೊಂದನ್ನು ಮೊದಲಿನಷ್ಟೇ ದೊಡ್ಡದಾಗಿ ಹಾಕಿ. ಪತ್ರ ಓದದವರೂ ಚಿತ್ರ ನೋಡುತ್ತಾರೆ, ನಮ್ಮ ಮನೆಯಲ್ಲಿ ಆದದ್ದೂ ಅದೇ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ