ಬಚ್ಚಲುಮನೆ ರಿಪೇರಿ ಹೆಸರಲ್ಲಿ ಬಾಡಿಗೆಯಿಂದ ಮುರಿದುಕೊಂಡ 45,430 ರೂಪಾಯಿ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಬಾಡಿಗೆ ಮನೆ ನಿರ್ವಹಣೆ ಕಂಪನಿ, ಬೆಂಗಳೂರು

ವಿಷಯ: ಯಲಹಂಕದ ನನ್ನ ಫ್ಲ್ಯಾಟಿನಲ್ಲಿ ಮಾಡದ ಕೆಲಸಕ್ಕೆ ಹಾಕಿದ ಬಿಲ್ಲು

ಮಾನ್ಯರೇ,

ಫೋನ್ ಮಾಡಿ ಕೇಳಿದೆ, ಇಮೇಲ್ ಹಾಕಿದೆ, ದಾವಣಗೆರೆಯಿಂದ ನಿಮ್ಮ ಆಫೀಸಿಗೂ ಬಂದೆ. ಎಲ್ಲ ಕಡೆ "ಚೆಕ್ ಮಾಡಿ ಹೇಳ್ತೀವಿ" ಅನ್ನುವ ಒಂದೇ ಮಾತು. ಈ ತಿಂಗಳೂ 26,000 ಬಾಡಿಗೆಯಲ್ಲಿ 22,715 ಮುರಿದುಕೊಂಡಿದ್ದೀರಿ. ಉಳಿದ 3,285ರಲ್ಲೂ ನಿಮ್ಮ ಕಮಿಷನ್ ಹಿಡಿದಿದ್ದೀರಿ. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಕಟ್ಟಲೂ ಅದು ಸಾಲದು. ಹೋದ ತಿಂಗಳೂ ಇದೇ ಕಥೆ, ಎರಡೂ ಸೇರಿ 45,430.

ಕೆಳಗಿನ ಮನೆಯ ಸೀಲಿಂಗಿಗೆ ನಮ್ಮ ಬಚ್ಚಲಿನ ನೀರು ಇಳಿಯುತ್ತಿತ್ತು. ಅದನ್ನು ಸರಿ ಮಾಡಿಸುವುದು ಮಾಲೀಕರ ಹೊಣೆ, ಬಾಡಿಗೆದಾರರದ್ದಲ್ಲ. ಅದಕ್ಕೆ ದುಡ್ಡು ಕೊಡಲು ನನ್ನ ತಕರಾರಿಲ್ಲ. ಆದರೆ 5,000ಕ್ಕಿಂತ ಜಾಸ್ತಿ ಖರ್ಚಿದ್ದರೆ ಮೊದಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು ಅಂತ ನಿಮ್ಮದೇ ಅಗ್ರಿಮೆಂಟಿನಲ್ಲಿದೆ. ಅದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದಕ್ಕೇ ತಾನೇ ಒಂದು ಬಚ್ಚಲಿಗೆ ಎಂಟು ಬಿಲ್ ಮಾಡಿದ್ದು? 4,900, 4,850, 4,750, ಹೀಗೆ ಎಲ್ಲವೂ ಐದು ಸಾವಿರದ ಒಳಗೆ. ತಾರೀಕು ಒಂದೇ, ಕೈಬರಹ ಒಂದೇ. ಒಟ್ಟು 38,500. ಅದರ ಮೇಲೆ 18% ಜಿಎಸ್‌ಟಿ 6,930. ಆದರೆ ಒಂದು ಬಿಲ್ಲಿನಲ್ಲೂ ಜಿಎಸ್‌ಟಿ ನಂಬರ್ ಇಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ.

ಇನ್ನು ಕೆಲಸದ ವಿಷಯ. ಹಳೇ ಟೈಲ್ಸ್ ಕಿತ್ತು, ನಹಾನಿ ಟ್ರ್ಯಾಪ್ (ಬಚ್ಚಲಿನ ನೀರು ಹೊರಹೋಗುವ ಕಿಂಡಿ) ಸುತ್ತ ಸೀಲ್ ಮಾಡಿ, ವಾಟರ್‌ಪ್ರೂಫಿಂಗ್ ಬಳಿದು, ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಹೊಸ ಟೈಲ್ಸ್ ಹಾಕಿದ್ದೇವೆ ಅಂತ ಬಿಲ್ಲು ಹೇಳುತ್ತದೆ. ನೀವೇ ಕಳಿಸಿದ ಫೋಟೋ ನೋಡಿ. ನಹಾನಿ ಟ್ರ್ಯಾಪಿನ ಎಡಕ್ಕೆ ಮೂಲೆ ಒಡೆದ ಟೈಲ್ ಇದೆ. ನಾನು ಮನೆ ಕೊಂಡಾಗಿನಿಂದ ಇರುವ ಟೈಲ್ ಅದು. ಸಂದಿಗಳಿಗೆ ವೈಟ್ ಸಿಮೆಂಟ್ ಮೆತ್ತಿದ್ದು ಬಿಟ್ಟರೆ ಅಲ್ಲಿ ಬೇರೇನೂ ಆಗಿಲ್ಲ. ಕೆಳಗಿನ ಮನೆಯವರ ಸೀಲಿಂಗ್ ಇವತ್ತಿಗೂ ಒದ್ದೆ. ಅವರು ಬೈಯುವುದು ನನ್ನನ್ನು, ನಿಮ್ಮನ್ನಲ್ಲ.

ಇದನ್ನೇ ಕೇಳಲು ನಿಮ್ಮ ಆಫೀಸಿಗೆ ಬಂದಿದ್ದೆ. ಕೌಂಟರಿನಲ್ಲಿದ್ದ ಹುಡುಗ ಕೂರಲು ಹೇಳಲಿಲ್ಲ. ನನ್ನ ಹಿಂದೆ ಮನೆ ಹುಡುಕಿಕೊಂಡು ಬಂದವರ ಸಾಲಿತ್ತು. ಅವನು ಮೊಬೈಲಿನಿಂದ ತಲೆ ಎತ್ತದೆ ಮೊದಲು ಕೇಳಿದ್ದೇ "ಆಂಟಿ, ಅಂಕಲ್ ಬಂದಿಲ್ವಾ?" ಅಂತ. ಮನೆ ನನ್ನ ಹೆಸರಲ್ಲಿದೆ ಅಂದೆ. "ಅಲ್ಲ ಆಂಟಿ, ಬಿಲ್ಲಿನ ವಿಷಯ ಅವರಿಗೆ ಬೇಗ ಅರ್ಥ ಆಗುತ್ತೆ" ಅಂದ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಎಂಟೂ ಬಿಲ್ಲು ಟೇಬಲ್ ಮೇಲೆ ಸಾಲಾಗಿ ಇಟ್ಟು ಕೂಡಿ ತೋರಿಸಿದೆ. ಅವನು ಕ್ಯಾಲ್ಕ್ಯುಲೇಟರ್ ನನ್ನ ಕಡೆ ತಳ್ಳಿ, "ಇದರಲ್ಲಿ ಮಾಡಿ, ತಪ್ಪಾಗಲ್ಲ" ಅಂದ. ಸಾಲಿನಲ್ಲಿದ್ದವರು ನಕ್ಕರು. ಫೋಟೋ ತೋರಿಸಿದರೆ "ಅದೇ ಡಿಸೈನ್ ಟೈಲ್ ಹುಡುಕಿ ಹಾಕಿಸಿದ್ದೀವಿ" ಅಂದ. ಒಡೆದ ಮೂಲೆಯೂ ಅದೇ ಡಿಸೈನಾ ಅಂತ ಕೇಳಿದೆ. ಆಗ ಒಳಗಿಂದ ಮ್ಯಾನೇಜರ್ ಬಂದು, ಎಲ್ಲರ ಮುಂದೆ, "ಮೇಡಂ, ನೀವು ಊರ ಕಡೆಯವರು, ಬೆಂಗಳೂರು ರೇಟು ನಿಮಗೆ ತಿಳಿಯಲ್ಲ, ಸುಮ್ನೆ ಟೆನ್ಶನ್ ತಗೋಬೇಡಿ" ಅಂದರು. ಆಮೇಲೆ ನನ್ನ ಬಿಲ್ಲುಗಳನ್ನು ಒಟ್ಟು ಮಾಡಿ ನನ್ನ ಕೈಗೇ ತುರುಕಿ, ಹಿಂದಿನವರನ್ನು ಕರೆದರು.

ನಾನು ಹೊರಡುವಾಗ ಆ ಮ್ಯಾನೇಜರ್ ಇನ್ನೊಂದು ಮಾತು ಹೇಳಿದರು: ರಿಪೇರಿ ಖರ್ಚು ತೋರಿಸಿ ಇನ್‌ಕಮ್ ಟ್ಯಾಕ್ಸಿನಲ್ಲಿ ಕಳೆದುಕೊಳ್ಳಬಹುದಂತೆ. ಶುದ್ಧ ಸುಳ್ಳು. ಬಾಡಿಗೆ ಆದಾಯಕ್ಕೆ ಸಿಗುವುದು 30% ಕಡಿತ. ರಿಪೇರಿಗೆ ಒಂದು ರೂಪಾಯಿ ಖರ್ಚು ಮಾಡಲಿ, ಲಕ್ಷ ಮಾಡಲಿ, ಅಷ್ಟೇ. ನೀವು ಹಿಡಿದುಕೊಂಡರೂ ಆ ಬಾಡಿಗೆ ನನ್ನ ಆದಾಯವೇ. ಕೈಗೆ ಬಾರದ ದುಡ್ಡಿಗೂ ತೆರಿಗೆ ಲೆಕ್ಕ ನಾನು ಕೊಡಬೇಕು. ನಿವೃತ್ತಿಯ ದುಡ್ಡು ಹಾಕಿ ಕೊಂಡ ಮನೆ ಅದು. ಇದನ್ನು ನಂಬಿಯೇ ನಾನು ತಿಂಗಳು ದೂಡುತ್ತಿದ್ದೇನೆ.

45,430 ರೂಪಾಯಿ ಪೂರ್ತಿ ವಾಪಸ್ ಹಾಕಿ. ನಿಮ್ಮ ಜೊತೆಗಿನ ಕರಾರನ್ನು ಈ ಪತ್ರದ ಮೂಲಕವೇ ಮುಗಿಸುತ್ತಿದ್ದೇನೆ. ಕೀಲಿಕೈ ಮತ್ತು ಬಾಡಿಗೆದಾರರ ಅಡ್ವಾನ್ಸ್ ಲೆಕ್ಕ ಕೊಡಿ. 15 ದಿನ ಕಾಯುತ್ತೇನೆ.

ಆಮೇಲೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ತಾವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಅಂದರೆ ದಾವಣಗೆರೆಯಲ್ಲಿ. ವಕೀಲರು ಬೇಕೇಬೇಕು ಅಂತಿಲ್ಲ, ನನ್ನ ವಾದ ನಾನೇ ಮಾಡುತ್ತೇನೆ. ನಿಮ್ಮವರು ಇಲ್ಲಿನ ಆಯೋಗಕ್ಕೆ ಉತ್ತರ ಕೊಡಬೇಕು. ಅದೇ ಅಪಾರ್ಟ್‌ಮೆಂಟಿನಲ್ಲಿ ನಿಮಗೆ ಮನೆ ವಹಿಸಿರುವ ಉಳಿದ ಮಾಲೀಕರಿಗೂ ಎಂಟು ಬಿಲ್ಲಿನ ನಕಲು ಕಳಿಸಿದ್ದೇನೆ. ತಮ್ಮ ಬಿಲ್ಲುಗಳನ್ನೂ ಹೊರತೆಗೆದು ನೋಡಲು ಹೇಳಿದ್ದೇನೆ. ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲುಗಳು ವಾಣಿಜ್ಯ ತೆರಿಗೆ ಇಲಾಖೆಗೆ ಹೋಗುತ್ತವೆ. ನೀವು ನನ್ನ ಹಣ ವಾಪಸ್ ಕೊಟ್ಟರೂ ಆ ದೂರು ಮಾತ್ರ ನಿಲ್ಲುವುದಿಲ್ಲ.

ಇತಿ,
ಫ್ಲ್ಯಾಟಿನ ಮಾಲೀಕಳು, ದಾವಣಗೆರೆ