ಅಕ್ಕಡಿ ಸಾಲಿನ ಮಾತು

ಚಿಂತಾಮಣಿ,
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದಾಗ ಹೊಲದ ಬದುವಿನ ಮೇಲಿದ್ದೆ. ಅರ್ಧ ಗಾಳಿಯೇ ಕೇಳಿಸಿತು. ಆದರೆ "ರಿಸರ್ಚಿಗೆ ಎಲ್ಲರೂ ನರಕೋಶ ಹಿಡಿದರು, ನನ್ನ ಪಾಲಿಗೆ ಗ್ಲಿಯಾ ಅನ್ನೋ ಅಂಟು ಉಳೀತು" ಅಂತ ನೀನು ನಕ್ಕದ್ದು ಚೆನ್ನಾಗಿಯೇ ಕೇಳಿಸಿತು. ಆ ನಗು ನನಗೆ ಹಿಡಿಸಲಿಲ್ಲ.

ಗ್ಲಿಯಾ ಅಂದರೆ ಮಿದುಳಿನಲ್ಲಿ ನರಕೋಶಗಳ ಜೊತೆಗಿರುವ ಬೇರೆ ಕೋಶಗಳು. ಅದಕ್ಕೆ ಅಂಟು ಅಂತ ಹೆಸರಿಟ್ಟವನು ಜರ್ಮನಿಯ ವೈದ್ಯ ಫಿರ್ಖೋ, 1856ರಲ್ಲಿ. ಹೆಸರು ಹಾಗೇ ಅಂಟಿಕೊಂಡಿತು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು, ರಾಗಿಯ ನಡುನಡುವೆ ಹಾಕುವ ಬೇರೆ ಬೆಳೆಯ ಸಾಲು, ನೆನಪಿದೆ ಅಲ್ವಾ? ಅವರೆ, ತೊಗರಿ, ಹುಚ್ಚೆಳ್ಳು. ಸಾರಿಗೆ ನಾಲ್ಕು ಕಾಯಿ ಸಿಗಲಿ ಅಂತ ಸುಮ್ನೆ ಹಾಕುತ್ತಾರೆ ಅಂದುಕೊಂಡಿದ್ದೆ, ಹುಡುಗನಾಗಿದ್ದಾಗ. ಒಮ್ಮೆ ಅವರೆ ಗಿಡ ಕಿತ್ತು, ಬೇರಿನ ಗಂಟನ್ನು ಉಗುರಲ್ಲಿ ಒಡೆದೆ. ಒಳಗೆ ತಿಳಿ ಕೆಂಪು. ಗಾಳಿಯ ಸಾರಜನಕ ಹಿಡಿಯುವ ಕೆಲಸ ಅಲ್ಲೇ ನಡೆಯುತ್ತದೆ ಅಂತ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆನ್ ಬ್ಯಾರೆಸ್ ಅನ್ನೋ ವಿಜ್ಞಾನಿಯ ಲ್ಯಾಬಿನವರೂ ಹೀಗೇ ಗಂಟು ಒಡೆದು ನೋಡಿದವರು. ಇಲಿಯ ಕಣ್ಣಿನ ನರಕೋಶಗಳನ್ನು ಗ್ಲಿಯಾ ಇಲ್ಲದೆ ಬೆಳೆಸಿದರು. ಬದುಕಿದವು, ಎಳೆ ಚಾಚಿದವು, ಒಂದರ ಜೊತೆ ಒಂದು ಮಾತು ಮಾತ್ರ ಕಮ್ಮಿ. ಗ್ಲಿಯಾ ಜೊತೆಗೂಡಿದಾಗ ಮಾತು ಜೋರಾಯಿತು. ಇದು 1997. ನಾಲ್ಕು ವರ್ಷದ ಮೇಲೆ ಅದೇ ಲ್ಯಾಬಿನವರು ಎಣಿಸಿದರೆ, ಗ್ಲಿಯಾ ಜೊತೆಗಿದ್ದಾಗ ಸಿನಾಪ್ಸ್‌ಗಳು, ಅಂದರೆ ನರಕೋಶಗಳು ಮಾತಾಡಿಕೊಳ್ಳುವ ಕೂಡುಜಾಗಗಳು, ಏಳು ಪಟ್ಟು. ಬೇಡದ ಸಿನಾಪ್ಸ್ ಕೀಳುವ ಕಳೆ ಕೆಲಸವೂ ಗ್ಲಿಯಾದ್ದೇ. (ಹೋಲಿಕೆ ಜಾಸ್ತಿ ಎಳೆಯುತ್ತಿದ್ದೇನೆ, ಮೇಷ್ಟರ ಚಾಳಿ.)

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮಿದುಳಿನಲ್ಲಿ ಗ್ಲಿಯಾ ನರಕೋಶಕ್ಕಿಂತ ಹತ್ತು ಪಟ್ಟು ಅಂತ ವರ್ಷಗಟ್ಟಲೆ ಪಾಠ ಮಾಡಿದೆ. ಯಾರೋ ಬರೆದಿದ್ದರು, ನಾನೂ ಬೋರ್ಡಿಗೆ ಬರೆದೆ. 2009ರಲ್ಲಿ ಬ್ರೆಜಿಲಿನಲ್ಲಿ ಸುಜಾನಾ ಹರ್ಕುಲಾನೊ-ಹೌಜೆಲ್ ತಂಡದವರು ಮಿದುಳನ್ನು ಸಾರಿನ ಹಾಗೆ ಕರಗಿಸಿ, ಕಲಕಿ, ಹನಿಯಲ್ಲಿದ್ದ ಕೋಶಕೇಂದ್ರಗಳನ್ನು ಎಣಿಸಿದರು. ನರಕೋಶ ಸುಮಾರು 8,600 ಕೋಟಿ. ಗ್ಲಿಯಾ ಮತ್ತು ಮಿಕ್ಕ ಕೋಶಗಳೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ. ನನ್ನ ಹತ್ತು ಪಟ್ಟು ಕಲಿತ ಮಕ್ಕಳು ಈಗ ಎಲ್ಲೆಲ್ಲಿದ್ದಾರೋ!

ಅದಕ್ಕೇ ಹೇಳುತ್ತೇನೆ, ಗೈಡ್ ಕೊಟ್ಟ ಅಂಕಿಯಾದರೂ ಎಲ್ಲಿಂದ ಬಂತು ಅಂತ ಕೇಳು. ಅವರಿಗೆ ಬೇಜಾರಾದರೆ ಆಗಲಿ. ಬೆಳೆಸಿದ ಕೋಶ ಕೈಕೊಟ್ಟಿತು ಅಂತ ತಟ್ಟೆ ಚೆಲ್ಲುವ ಮೊದಲು ಇನ್ನೊಮ್ಮೆ ಮೈಕ್ರೋಸ್ಕೋಪಿಗಿಟ್ಟು ನೋಡು, ಏನು ಕಮ್ಮಿಯಾಗಿತ್ತು ಅಂತ. ರಾತ್ರಿ ಊಟ ಬಿಡಬೇಡ.

ಸಂಕ್ರಾಂತಿಗೆ ಬಾ. ಸೊಗಡಿನ ಅವರೆ ಬಂದಿರುತ್ತದೆ. ಹಿತುಕಿದ ಬೇಳೆ ಸಾರು ದೊಡ್ಡಮ್ಮ ಮಾಡುತ್ತಾಳೆ. ಹಿತುಕುವುದು ಮಾತ್ರ ನೀನೇ.

ನಿನ್ನ ದೊಡ್ಡಪ್ಪ